ವಾಹನ ದಂಡದ ಬಾಕಿ: ಹುಡುಕುವುದೆಲ್ಲಿ, ಲೆಕ್ಕಕ್ಕೆ ತರುವುದು ಹೇಗೆ?

ವರ್ಷಾಂತ್ಯದಲ್ಲಿ ಲೆಕ್ಕಪತ್ರಗಳನ್ನು ಮುಗಿಸುವಾಗ ಬ್ಯಾಂಕಿನ ಶಿಲ್ಕು, ಗಿರಾಕಿಗಳ ಬಾಕಿ, ಸರಕು ದಾಸ್ತಾನು, ಜಿಎಸ್‌ಟಿ ಹೊಣೆ ಇವೆಲ್ಲವನ್ನೂ ತಾಳೆ ನೋಡುವ ವರ್ತಕ ಬಾಂಧವರು ಒಂದು ಬಾಕಿಯನ್ನು ಮಾತ್ರ ತಮ್ಮದಲ್ಲವೆಂಬಂತೆ ಬಿಟ್ಟುಬಿಡುತ್ತಾರೆ. ಅದು ಸಂಸ್ಥೆಯ ವಾಹನಗಳ ಮೇಲೆ ದಾಖಲಾಗಿರುವ ಸಂಚಾರ ನಿಯಮ ಉಲ್ಲಂಘನೆಯ ದಂಡ. ಮೊತ್ತ ಒಂದೊಂದಾಗಿ ನೋಡಿದರೆ ಚಿಕ್ಕದು. ಆದರೆ ಈ ದಾಖಲೆಗಳು ತಾವಾಗಿ ಅಳಿಸಿಹೋಗುವುದಿಲ್ಲ. ವಾಹನದ ಅರ್ಹತಾ ಪತ್ರ ನವೀಕರಣಕ್ಕೋ ಮಾರಾಟಕ್ಕೋ ಹೋದ ದಿನ, ಸಾಮಾನ್ಯವಾಗಿ ಸುಗ್ಗಿಯ ಭರದ ದಿನಗಳಲ್ಲಿಯೇ, ಎಲ್ಲವೂ ಒಟ್ಟಾಗಿ ಎದುರಿಗೆ ಬಂದು ನಿಲ್ಲುತ್ತವೆ.

ಹಿಂದೆ ಇಂಥ ಪ್ರಮೇಯವಿರಲಿಲ್ಲ. ವೃತ್ತದಲ್ಲಿ ಪೊಲೀಸರು ವಾಹನ ನಿಲ್ಲಿಸುತ್ತಿದ್ದರು, ಚಾಲಕ ದಂಡ ಕಟ್ಟಿ ರಸೀದಿ ಪಡೆಯುತ್ತಿದ್ದ, ರಸೀದಿಯನ್ನು ಗುಮಾಸ್ತರ ಮೇಜಿನ ಮೇಲಿಟ್ಟು ಹಣ ಕೇಳುತ್ತಿದ್ದ. ಮಾಲೀಕರಿಗೆ ಅಂದೇ ವಿಷಯ ತಿಳಿಯುತ್ತಿತ್ತು. ಈಗ ವಾಹನವನ್ನು ಯಾರೂ ನಿಲ್ಲಿಸುವುದಿಲ್ಲ. ಬೆಂಗಳೂರಿನಲ್ಲಿ 2022ರ ಡಿಸೆಂಬರ್‌ನಲ್ಲಿ ಬುದ್ಧಿಮತ್ತೆಯ ಸಂಚಾರ ನಿರ್ವಹಣಾ ವ್ಯವಸ್ಥೆ ಆರಂಭವಾದಂದಿನಿಂದ 50 ಪ್ರಮುಖ ವೃತ್ತಗಳಲ್ಲಿ ಕ್ಯಾಮೆರಾವೇ ನಂಬರ್ ಪ್ಲೇಟನ್ನು ಓದಿ ಪ್ರಕರಣ ದಾಖಲಿಸುತ್ತಿದೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿಯೂ ಇದೇ ಕ್ರಮ ಬಂದಿದೆ. ಸೂಚನೆ ಹೋಗುವುದು ವಾಹನದ ದಾಖಲೆಯಲ್ಲಿರುವ ಮೊಬೈಲ್ ಸಂಖ್ಯೆಗೆ. ಆ ಸಂಖ್ಯೆ ಯಾರದು? ಎಲ್ಲ ತೊಂದರೆಯೂ ಆರಂಭವಾಗುವುದು ಇಲ್ಲಿಂದಲೇ.

ನಾನು ಲೆಕ್ಕ ಪರಿಶೋಧಿಸುವ ಸಂಸ್ಥೆಗಳ ವಾಹನ ಕಡತಗಳನ್ನು ನೋಡಿದಾಗ ಕಂಡುಬಂದಿರುವಂತೆ, ನೋಂದಣಿ ದಾಖಲೆಯಲ್ಲಿ ಇರುವುದು ಬಹುಪಾಲು ವಾಹನ ಮಾರಿದ ಶೋರೂಮಿನ ನೌಕರನದೋ, ಆರ್‌ಟಿಒ ಕೆಲಸ ಮಾಡಿಸಿಕೊಟ್ಟ ಏಜೆಂಟರದೋ, ಕೆಲಸ ಬಿಟ್ಟುಹೋದ ವ್ಯವಸ್ಥಾಪಕರದೋ ಸಂಖ್ಯೆ. ಸೂಚನೆ ಕಳುಹಿಸಲಾಗಿದೆ, ತಲುಪಿದೆ, ಆದರೆ ಮಾಲೀಕರಿಗಲ್ಲ. ಆದುದರಿಂದ ಮೊದಲು ಆಗಬೇಕಾದ ಕೆಲಸವೆಂದರೆ ಪರಿವಾಹನ್ ಜಾಲತಾಣದಲ್ಲಿ ಪ್ರತಿಯೊಂದು ವಾಹನಕ್ಕೂ ಸಂಸ್ಥೆಯದೇ ಆದ, ವ್ಯಕ್ತಿ ಬದಲಾದರೂ ಬದಲಾಗದ ಒಂದು ಮೊಬೈಲ್ ಸಂಖ್ಯೆಯನ್ನು ನಮೂದಿಸುವುದು. ನೋಂದಣಿ, ಚಾಸಿಸ್ ಮತ್ತು ಎಂಜಿನ್ ಸಂಖ್ಯೆಗಳು ಕೈಯಲ್ಲಿದ್ದರೆ ಇದು ಹೆಚ್ಚು ಹೊತ್ತಿನ ಕೆಲಸವಲ್ಲ.

ಎಲ್ಲೆಲ್ಲಿ ಹುಡುಕಬೇಕು

ಒಂದೇ ಕಡೆ ನೋಡಿ "ಬಾಕಿ ಇಲ್ಲ" ಎಂದು ತೀರ್ಮಾನಿಸುವುದು ಸರಿಯಲ್ಲ. ಕೇಂದ್ರ ಸರ್ಕಾರದ ಪರಿವಾಹನ್ ಇ-ಚಲನ್ ತಾಣದಲ್ಲಿ ಚಲನ್ ಸಂಖ್ಯೆ, ವಾಹನ ಸಂಖ್ಯೆ ಅಥವಾ ಚಾಲನಾ ಪರವಾನಗಿ ಸಂಖ್ಯೆ, ಈ ಮೂರರಲ್ಲಿ ಯಾವುದರಿಂದಲಾದರೂ ಹುಡುಕಬಹುದು. ವಾಹನ ಸಂಖ್ಯೆಯಿಂದ ಹುಡುಕುವುದಾದರೆ ಚಾಸಿಸ್ ಅಥವಾ ಎಂಜಿನ್ ಸಂಖ್ಯೆಯ ಕೊನೆಯ ಐದು ಅಂಕಿಗಳು ಬೇಕು. ಸಾರಿಗೆ ಇಲಾಖೆಯ ಅಧಿಕಾರಿಗಳು ಹೆದ್ದಾರಿಯಲ್ಲಿ ತಪಾಸಣೆ ನಡೆಸಿ ಹಾಕಿದ ಪ್ರಕರಣಗಳು ಇಲ್ಲಿ ಸಿಗುತ್ತವೆ.

ಪೊಲೀಸ್ ಇಲಾಖೆಯ ದಾಖಲೆಯನ್ನು ಪ್ರತ್ಯೇಕವಾಗಿಯೇ ನೋಡಬೇಕು. ಬೆಂಗಳೂರು ಸಂಚಾರ ಪೊಲೀಸರ ಜಾಲತಾಣದಲ್ಲಿ ಮತ್ತು ಅವರ ಮೊಬೈಲ್ ಆ್ಯಪ್‌ನಲ್ಲಿ ವಾಹನ ಸಂಖ್ಯೆ ಕೊಟ್ಟರೆ ಬಾಕಿ ಕಾಣುತ್ತದೆ. ಜಾಲತಾಣದ ಅಭ್ಯಾಸವಿಲ್ಲದವರು ಬೆಂಗಳೂರು ಒನ್ ಅಥವಾ ಕರ್ನಾಟಕ ಒನ್ ಕೇಂದ್ರಗಳಲ್ಲಿ, ಇಲ್ಲವೇ ಹತ್ತಿರದ ಸಂಚಾರ ಠಾಣೆಯಲ್ಲಿ ವಿಚಾರಿಸಿ ಅಲ್ಲಿಯೇ ಹಣ ಕಟ್ಟಬಹುದು.

ಕಟ್ಟದೆ ಉಳಿದ ಪ್ರಕರಣ ನ್ಯಾಯಾಲಯಕ್ಕೆ ಹೋಗಿರಬಹುದು. ಹಾಗಾದಲ್ಲಿ ವರ್ಚುವಲ್ ಕೋರ್ಟ್ ತಾಣದಲ್ಲಿ ವಾಹನ ಸಂಖ್ಯೆ, ಚಲನ್ ಸಂಖ್ಯೆ, ಮೊಬೈಲ್ ಸಂಖ್ಯೆ ಅಥವಾ ಹೆಸರಿನಿಂದ ಹುಡುಕಬೇಕು. ಅಲ್ಲಿ ದಂಡ ಒಪ್ಪಿ ಕಟ್ಟಿದರೆ ಪ್ರಕರಣ ಮುಕ್ತಾಯವಾಗುತ್ತದೆ. ಒಪ್ಪದಿದ್ದರೆ ಸಂಬಂಧಪಟ್ಟ ವ್ಯಾಪ್ತಿಯ ನ್ಯಾಯಾಲಯಕ್ಕೆ ವರ್ಗವಾಗುತ್ತದೆ.

ಗಡಿ ಭಾಗದ ಸದಸ್ಯರಿಗೆ ಇನ್ನೊಂದು ಮಾತು. ಬೆಳಗಾವಿಯಿಂದ ಕೊಲ್ಹಾಪುರಕ್ಕೆ, ಕಲಬುರಗಿಯಿಂದ ಸೊಲ್ಲಾಪುರಕ್ಕೆ, ಬೀದರಿನಿಂದ ಹೈದರಾಬಾದಿಗೆ ಸರಕು ಕಳುಹಿಸುವವರ ವಾಹನಗಳ ಮೇಲಿನ ದಂಡ ಆ ರಾಜ್ಯಗಳ ಪೊಲೀಸರ ದಾಖಲೆಯಲ್ಲಿರುತ್ತದೆ. ಮಹಾರಾಷ್ಟ್ರ ಮತ್ತು ತೆಲಂಗಾಣ ಪೊಲೀಸರಿಗೆ ಸ್ವಂತ ಇ-ಚಲನ್ ತಾಣಗಳಿವೆ. ಇವನ್ನು ನೋಡುವವರು ನಮ್ಮಲ್ಲಿ ತೀರ ಕಡಿಮೆ.

ಹುಡುಕುವಾಗ ಎಚ್ಚರವೂ ಬೇಕು. "ನಿಮ್ಮ ವಾಹನದ ಚಲನ್ ಬಾಕಿ ಇದೆ, ಕೆಳಗಿನ ಕಡತ ತೆರೆಯಿರಿ" ಎಂದು ವಾಟ್ಸಾಪ್‌ನಲ್ಲಿ ಬರುವ ಎಪಿಕೆ ಕಡತಗಳು ಮೋಸಗಾರರವು. ಅದನ್ನು ತೆರೆದರೆ ಮೊಬೈಲಿನ ಹತೋಟಿ, ಅದರೊಂದಿಗೆ ಬ್ಯಾಂಕ್ ಖಾತೆಯ ಹತೋಟಿ, ಅವರ ಪಾಲಾಗುತ್ತದೆ. ಸಂದೇಶದಲ್ಲಿರುವ ಕೊಂಡಿಯನ್ನು ಒತ್ತದೆ, ಸರ್ಕಾರಿ ತಾಣದ ವಿಳಾಸವನ್ನು ತಾವೇ ಟೈಪು ಮಾಡಿ ನೋಡುವ ರೂಢಿಯನ್ನು ಗುಮಾಸ್ತರಿಗೆ ಕಲಿಸತಕ್ಕದ್ದು. ಸಂಸ್ಥೆಯ ಬ್ಯಾಂಕ್ ಖಾತೆಗೆ ಜೋಡಿಸಿದ ಮೊಬೈಲನ್ನೇ ವಾಹನಗಳಿಗೂ ಕೊಡದಿರುವುದು ಇನ್ನೂ ಮೇಲು.

ದಾಖಲೆ ಏನು ಹೇಳುತ್ತದೆ

ಒಂದು ಅಕ್ಕಿ ಗಿರಣಿಯ ಉದಾಹರಣೆ ಹೇಳುತ್ತೇನೆ. ಗಿರಣಿಗೆ ಮೂರು ಲಾರಿಗಳಿವೆ. ಅರ್ಹತಾ ಪತ್ರದ ಸಮಯ ಬಂದಾಗ ಒಂದೇ ಲಾರಿಯ ಮೇಲೆ 23 ಪ್ರಕರಣಗಳು ಬಾಕಿ ಇರುವುದು ತಿಳಿಯಿತು. ಮಾಲೀಕರು ಸಹಜವಾಗಿಯೇ ಚಾಲಕನ ಮೇಲೆ ಸಿಟ್ಟಾದರು. ಪಟ್ಟಿಯನ್ನು ದಿನಾಂಕ, ಸಮಯ, ಸ್ಥಳಗಳ ಪ್ರಕಾರ ಜೋಡಿಸಿ, ಪಕ್ಕದಲ್ಲಿ ಬಿಲ್ಟಿ ಪುಸ್ತಕವನ್ನೂ ಇ-ವೇ ಬಿಲ್ಲುಗಳನ್ನೂ ಇಟ್ಟುಕೊಂಡು ನೋಡಿದಾಗ ಬೇರೆಯೇ ಚಿತ್ರ ಕಂಡಿತು. 23ರಲ್ಲಿ 14 ಪ್ರಕರಣಗಳು ಬೆಂಗಳೂರಿನೊಳಗೆ ಭಾರಿ ವಾಹನಗಳಿಗೆ ಪ್ರವೇಶವಿಲ್ಲದ ವೇಳೆಯಲ್ಲಿ ಪ್ರವೇಶಿಸಿದ್ದಕ್ಕಾಗಿ ಬಿದ್ದವು. ಅವೆಲ್ಲವೂ ಬೆಳಗಿನ ಹೊತ್ತಿನವು, ಅವುಗಳಲ್ಲಿ ಹೆಚ್ಚಿನವು ಸೋಮವಾರದವು. ಭಾನುವಾರ ಸಂಜೆ ಹಮಾಲರು ಸಾಕಷ್ಟು ಸಿಗದೆ ಲೋಡಿಂಗ್ ತಡವಾಗುತ್ತಿತ್ತು, ಲಾರಿ ಗಿರಣಿ ಬಿಡುವಾಗ ಮಧ್ಯರಾತ್ರಿ ಕಳೆದಿರುತ್ತಿತ್ತು, ಯಶವಂತಪುರ ತಲುಪುವಷ್ಟರಲ್ಲಿ ನಿರ್ಬಂಧದ ವೇಳೆ ಆರಂಭವಾಗಿರುತ್ತಿತ್ತು. ದಂಡ ಬಿದ್ದದ್ದು ಬೆಂಗಳೂರಿನಲ್ಲಾದರೂ ಕಾರಣ ಗಿರಣಿಯ ಅಂಗಳದಲ್ಲಿಯೇ ಇತ್ತು. ಲೋಡಿಂಗ್ ಶನಿವಾರಕ್ಕೆ ಬದಲಾಯಿತು. ಉಳಿದ 9ರಲ್ಲಿ 7 ವೇಗಮಿತಿ ಹಾಗೂ ಸೀಟ್ ಬೆಲ್ಟಿನವು, ಅವು ಚಾಲಕನವೇ. ಇನ್ನೆರಡು ಆ ಲಾರಿಯವೇ ಅಲ್ಲ.

ಈ ಕೊನೆಯ ಎರಡರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಕ್ಯಾಮೆರಾ ನಂಬರ್ ಪ್ಲೇಟಿನ ಮೂರನ್ನು ಎಂಟೆಂದು ಓದಬಹುದು. ನಿಮ್ಮ ಸಂಖ್ಯೆಯನ್ನೇ ಬೇರೆಯವರು ಬಳಸುತ್ತಿರಲೂಬಹುದು. 1988ರ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ ಕಲಂ 136ಎ ವಿದ್ಯುನ್ಮಾನ ಕಣ್ಗಾವಲಿಗೆ ಆಧಾರ. ಅದರಡಿ 2021ರ ಆಗಸ್ಟ್‌ನಲ್ಲಿ ಬಂದ ನಿಯಮ 167ಎ ಪ್ರಕಾರ ಇಂಥ ಚಲನ್ನಿನಲ್ಲಿ ಉಲ್ಲಂಘನೆಯ ಚಿತ್ರ, ದಿನಾಂಕ, ಸಮಯ, ಸ್ಥಳ ಮತ್ತು ಉಲ್ಲಂಘಿಸಿದ ಕಲಂ ಇರತಕ್ಕದ್ದು. ಆದುದರಿಂದ ಹಣ ಕಟ್ಟುವ ಮುನ್ನ ಚಿತ್ರವನ್ನು ತೆರೆದು ನೋಡಿರಿ. ಚಿತ್ರದಲ್ಲಿರುವುದು ನಿಮ್ಮ ಲಾರಿಯೇ? ಬಣ್ಣ, ಬಾಡಿ, ಟಾರ್ಪಾಲು ಹೊಂದುತ್ತವೆಯೇ?

ಹೊಂದದಿದ್ದರೆ ಪುರಾವೆ ನಿಮ್ಮ ಲೆಕ್ಕದ ಪುಸ್ತಕಗಳಲ್ಲಿಯೇ ಇದೆ. 2021ರ ಫೆಬ್ರವರಿಯಿಂದ ರಾಷ್ಟ್ರೀಯ ಹೆದ್ದಾರಿಗಳ ಟೋಲ್‌ಗಳಲ್ಲಿ ಫಾಸ್ಟ್ಯಾಗ್ ಕಡ್ಡಾಯವಾದ ಮೇಲೆ ಪ್ರತಿ ವಾಹನ ಯಾವ ಗೇಟನ್ನು ಯಾವ ನಿಮಿಷದಲ್ಲಿ ದಾಟಿತೆಂಬ ವಿವರ ಬ್ಯಾಂಕಿನ ಫಾಸ್ಟ್ಯಾಗ್ ತಃಖ್ತೆಯಲ್ಲಿ ಸಿಗುತ್ತದೆ. ಬೆಂಗಳೂರಿನಲ್ಲಿ ಬೆಳಿಗ್ಗೆ 10ಕ್ಕೆ ಸಿಗ್ನಲ್ ದಾಟಿತೆಂದು ಚಲನ್ ಹೇಳುವ ಲಾರಿ ಅದೇ ಹೊತ್ತಿಗೆ ಹಿರಿಯೂರಿನ ಆಚೆಯ ಟೋಲ್‌ನಲ್ಲಿತ್ತೆಂದು ತೋರಿಸಲು ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕಿಲ್ಲ. ಫಾಸ್ಟ್ಯಾಗ್ ವಿವರ, ಇ-ವೇ ಬಿಲ್ಲಿನ ಭಾಗ-ಬಿ, ತೂಕದ ಚೀಟಿ ಇವುಗಳ ಪ್ರತಿಯೊಂದಿಗೆ ಲಿಖಿತ ಆಕ್ಷೇಪಣೆ ಸಲ್ಲಿಸಿ ಸ್ವೀಕೃತಿ ಪಡೆಯಿರಿ. ಆಕ್ಷೇಪಣೆಯ ಗಡುವಿನ ನಿಯಮಗಳು ತಿದ್ದುಪಡಿಯಾಗುತ್ತ ಬಂದಿರುವುದರಿಂದ ಚಲನ್ನಿನಲ್ಲಿ ಮುದ್ರಿತವಾದ ದಿನಾಂಕವನ್ನೇ ನಂಬುವುದು ಕ್ಷೇಮ. ನಿಮ್ಮ ಸಂಖ್ಯೆಯನ್ನು ಬೇರೆಯವರು ಬಳಸುತ್ತಿರುವುದು ಖಚಿತವಾದರೆ ಠಾಣೆಯಲ್ಲಿ ದೂರು ದಾಖಲಿಸಲೇಬೇಕು. ಆ ವಾಹನ ನಾಳೆ ಅಪಘಾತ ಮಾಡಿದರೆ ಮೊದಲ ನೋಟಿಸು ಬರುವುದು ನಿಮ್ಮ ವಿಳಾಸಕ್ಕೆ.

ಅಧಿಕ ಭಾರದ ವಿಚಾರ ಬೇರೆ. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಕಲಂ 194ರ ಅಡಿ ದಂಡ 20,000 ರೂ., ಜೊತೆಗೆ ಹೆಚ್ಚುವರಿ ಟನ್ನಿಗೆ 2,000 ರೂ., ಅದರ ಮೇಲೆ ಹೆಚ್ಚಿನ ಸರಕು ಇಳಿಸುವ ಖರ್ಚು. ವಾಹನ ನಡೆಸಿದವನಷ್ಟೇ ಅಲ್ಲ, ಹಾಗೆ ನಡೆಸಲು ಕಾರಣನಾದವನೂ ಬಿಟ್ಟವನೂ ಈ ಕಲಂನ ವ್ಯಾಪ್ತಿಗೆ ಬರುತ್ತಾರೆ. ಹೆಚ್ಚಿನ ಭಾರ ಇಳಿಸದೆ ದಂಡ ಕಟ್ಟಿ ಮುಂದೆ ಸಾಗುವ ಹಾಗಿಲ್ಲವೆಂದು ಸುಪ್ರೀಂ ಕೋರ್ಟು 2005ರಲ್ಲಿ ಪರಮಜಿತ್ ಭಾಸಿನ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಇಲ್ಲಿ ವಾದಕ್ಕೆ ಅವಕಾಶವೂ ಕಡಿಮೆ. ತೂಕ ನಿಮ್ಮ ಬಿಲ್ಲಿನಲ್ಲಿಯೇ ಬರೆದಿರುತ್ತದೆ. ಬಾಡಿಗೆ ಲಾರಿಯಲ್ಲಿ ಸರಕು ಕಳುಹಿಸುವವರು ತಮಗಿದು ಸಂಬಂಧಿಸಿಲ್ಲವೆಂದು ಭಾವಿಸಬಾರದು. 2007ರ ರಸ್ತೆ ಸರಕು ಸಾಗಣೆ ಕಾಯ್ದೆಯಂತೆ ಸಾಗಣೆ ಪತ್ರದಲ್ಲಿ ಕೊಟ್ಟ ವಿವರಗಳ ಸತ್ಯತೆಗೆ ಸರಕು ಕಳುಹಿಸಿದವರೇ ಹೊಣೆ.

ಲೆಕ್ಕದಲ್ಲಿ ಎಲ್ಲಿಗೆ ಸೇರಬೇಕು

ನನ್ನ ವೃತ್ತಿಗೆ ನೇರವಾಗಿ ಸೇರಿದ ಭಾಗ ಇದು. ಬಹುತೇಕ ಸಂಸ್ಥೆಗಳಲ್ಲಿ ದಂಡದ ಮೊತ್ತ "ವಾಹನ ನಿರ್ವಹಣೆ" ಅಥವಾ "ದಾರಿ ಖರ್ಚು" ಎಂಬ ಖಾತೆಯಲ್ಲಿ ಡೀಸೆಲ್, ಟಯರ್, ಪಂಕ್ಚರುಗಳ ನಡುವೆ ಕರಗಿಹೋಗಿರುತ್ತದೆ. ಇದು ತಪ್ಪು. 1961ರ ಆದಾಯ ತೆರಿಗೆ ಕಾಯ್ದೆಯ ಕಲಂ 37(1)ರ ಮೊದಲನೆಯ ವಿವರಣೆಯಂತೆ ಕಾನೂನಿನ ಪ್ರಕಾರ ಅಪರಾಧವಾದ ಅಥವಾ ನಿಷೇಧಿಸಲ್ಪಟ್ಟ ಉದ್ದೇಶಕ್ಕೆ ಮಾಡಿದ ವೆಚ್ಚವನ್ನು ವ್ಯಾಪಾರದ ವೆಚ್ಚವೆಂದು ಪರಿಗಣಿಸುವಂತಿಲ್ಲ. 1998ರಲ್ಲಿ ಸೇರಿಸಲಾದ ಈ ವಿವರಣೆ 1962ರಿಂದಲೇ ಪೂರ್ವಾನ್ವಯವಾಯಿತು. 2025ರ ಹೊಸ ಆದಾಯ ತೆರಿಗೆ ಕಾಯ್ದೆಯೂ ಇದೇ ತತ್ತ್ವವನ್ನು ಉಳಿಸಿಕೊಂಡಿದೆ.

ವಾಸ್ತವವಾಗಿ ತತ್ತ್ವ ಇನ್ನೂ ಹಳೆಯದು. ಹಾಜಿ ಅಜೀಜ್ ಮತ್ತು ಅಬ್ದುಲ್ ಶಕೂರ್ ಸಹೋದರರ ಪ್ರಕರಣದಲ್ಲಿ ವಿದೇಶದಿಂದ ಖರ್ಜೂರ ತರಿಸಿದ ವರ್ತಕರು, ಆಮದು ನಿರ್ಬಂಧ ಮೀರಿದ್ದಕ್ಕಾಗಿ ಜಪ್ತಾದ ಸರಕನ್ನು ಬಿಡಿಸಿಕೊಳ್ಳಲು ಕಟ್ಟಿದ ದಂಡವನ್ನು ವ್ಯಾಪಾರದ ಖರ್ಚೆಂದು ತೋರಿಸಿದ್ದರು. ಕಾನೂನು ಮುರಿದು ತೆತ್ತ ದಂಡ ವ್ಯಾಪಾರದ ಸಹಜ ಖರ್ಚಲ್ಲ ಎಂದು ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಆ ತೀರ್ಪು ಇಂದಿಗೂ ಉದಾಹೃತವಾಗುತ್ತಿದೆ.

"ನಾವು ಕಟ್ಟಿದ್ದು ದಂಡವಲ್ಲ, ರಾಜಿ ಶುಲ್ಕ" ಎಂಬ ವಾದವನ್ನು ಕೆಲವು ಸದಸ್ಯರು ಮುಂದಿಡುತ್ತಾರೆ. ಮೋಟಾರು ವಾಹನ ಕಾಯ್ದೆಯ ಕಲಂ 200ರ ಅಡಿ ಸ್ಥಳದಲ್ಲಿ ಕಟ್ಟುವ ಮೊತ್ತ ತಾಂತ್ರಿಕವಾಗಿ ರಾಜಿಯದೇ ಎಂಬುದು ನಿಜ. ಆದರೆ ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯವು ಮಮತಾ ಎಂಟರ್‌ಪ್ರೈಸಸ್ ಪ್ರಕರಣದಲ್ಲಿ, ಕಟ್ಟಡದ ನಕ್ಷೆ ಮೀರಿದ್ದಕ್ಕಾಗಿ ನಗರಪಾಲಿಕೆಗೆ ಕಟ್ಟಿದ ರಾಜಿ ಶುಲ್ಕವನ್ನೂ ಕಳೆಯಲಾಗದೆಂದು ತೀರ್ಮಾನಿಸಿದೆ. ಹೆಸರು ಬದಲಾಯಿಸಿದ ಮಾತ್ರಕ್ಕೆ ಮೊತ್ತದ ಸ್ವರೂಪ ಬದಲಾಗದು. ನಮ್ಮ ರಾಜ್ಯದ ವರ್ತಕರು ಈ ವಾದವನ್ನು ನೆಚ್ಚಿಕೊಳ್ಳದಿರುವುದು ಒಳಿತೆಂಬುದು ನನ್ನ ಅಭಿಪ್ರಾಯ.

ತೆರಿಗೆ ಲೆಕ್ಕ ಪರಿಶೋಧನೆಗೆ ಒಳಪಡುವವರ ವಿಷಯದಲ್ಲಿ ಇದು ಕೇವಲ ಅಭಿಪ್ರಾಯದ ಮಾತೂ ಅಲ್ಲ. 1961ರ ಕಾಯ್ದೆಯಡಿಯ ನಮೂನೆ 3ಸಿಡಿಯ 21ನೆಯ ಕಲಮಿನಲ್ಲಿ ಕಾನೂನು ಉಲ್ಲಂಘನೆಗಾಗಿ ಲಾಭ ನಷ್ಟ ಖಾತೆಗೆ ಖರ್ಚು ಹಾಕಿದ ದಂಡವನ್ನು ಲೆಕ್ಕ ಪರಿಶೋಧಕರು ವರದಿ ಮಾಡಬೇಕಾಗಿತ್ತು. ಡೀಸೆಲ್ ಖಾತೆಯಲ್ಲಿ ಅಡಗಿರುವುದನ್ನು ಅವರು ಹೇಗೆ ವರದಿ ಮಾಡಿಯಾರು? ಒಂದು ಪಾಲುದಾರಿಕೆ ಸಂಸ್ಥೆ ವರ್ಷದಲ್ಲಿ 48,000 ರೂ. ದಂಡ ಕಟ್ಟಿ ನಿರ್ವಹಣಾ ಖಾತೆಗೆ ಹಾಕಿತೆನ್ನಿ. ಶೇ. 30 ತೆರಿಗೆ, ಅದರ ಮೇಲೆ ಶೇ. 4 ಸೆಸ್ ಸೇರಿ ಉಳಿಸಿದಂತೆ ಕಾಣುವ ತೆರಿಗೆ 14,976 ರೂ. ಪರಿಶೀಲನೆಯಲ್ಲಿ ಹೊರಬಿದ್ದರೆ ಈ ತೆರಿಗೆ, ಬಡ್ಡಿ, ಮತ್ತು ಆದಾಯ ಕಡಿಮೆ ತೋರಿಸಿದ್ದಕ್ಕೆ ತೆರಿಗೆಯ ಶೇ. 50 ದಂಡ, ತಪ್ಪು ನಿರೂಪಣೆಯೆಂದು ಅಧಿಕಾರಿ ಭಾವಿಸಿದರೆ ಶೇ. 200. ಜೊತೆಗೆ ಮಿಕ್ಕ ಖರ್ಚುಗಳ ಮೇಲೂ ಅನುಮಾನ.

ಆದುದರಿಂದ ಕಿರ್ದಿಯಲ್ಲಿ "ವಾಹನ ದಂಡ – ತೆರಿಗೆಗೆ ಅಮಾನ್ಯ" ಎಂಬ ಪ್ರತ್ಯೇಕ ಖಾತೆ ತೆರೆಯಿರಿ. ಟೋಲ್, ಪಾರ್ಕಿಂಗ್ ಶುಲ್ಕ, ರಸ್ತೆ ತೆರಿಗೆ ಇವು ಮಾನ್ಯ ಖರ್ಚುಗಳು. ಅವನ್ನು ಇದರೊಂದಿಗೆ ಬೆರೆಸಬೇಡಿ. ಚಾಲಕರ ಟ್ರಿಪ್ ಶೀಟಿನಲ್ಲಿ ರಸೀದಿಯಿಲ್ಲದೆ ಬರೆದಿರುವ "ಆರ್‌ಟಿಒ ಖರ್ಚು", "ಪೊಲೀಸ್ ಖರ್ಚು" ಎಂಬ ಮಾಮೂಲಿನ ಬಾಬತ್ತೂ ಇದೇ ವಿವರಣೆಯಡಿ ಅಮಾನ್ಯವೇ. ಅದನ್ನು ಬರೆಯುವವರ ಧೈರ್ಯ ನೋಡಿ ನನಗೆ ಎಷ್ಟೋ ಬಾರಿ ಆಶ್ಚರ್ಯವಾಗಿದೆ. ಸರ್ಕಾರಕ್ಕೆ ಕಟ್ಟಿದ ದಂಡದ ಮೇಲೆ ಜಿಎಸ್‌ಟಿ ಇಲ್ಲವೆಂದು ಕೇಂದ್ರ ಮಂಡಳಿ 2022ರ ಆಗಸ್ಟ್ 3ರ ಸುತ್ತೋಲೆಯಲ್ಲಿ ತಿಳಿಸಿದೆ. ಅಂದಾಜು ಆದಾಯ ಪದ್ಧತಿಯಲ್ಲಿ ತೆರಿಗೆ ಕಟ್ಟುವ ಸಣ್ಣ ವರ್ತಕರಿಗೆ ಮತ್ತು ಹತ್ತು ವಾಹನಗಳ ಒಳಗಿನ ಲಾರಿ ಮಾಲೀಕರಿಗೆ ಖರ್ಚಿನ ಈ ಪ್ರಶ್ನೆ ಏಳುವುದಿಲ್ಲ. ದಂಡ ಅವರ ಕೈಯಿಂದಲೇ ಹೋದಂತೆ.

ಚಾಲಕನ ಸಂಬಳದಿಂದ ಮುರಿಯಬಹುದೇ?

ಸಾಮಾನ್ಯ ಪದ್ಧತಿಯೇನೋ ಹಾಗೆಯೇ ಇದೆ. ಆದರೆ 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ ಸಂಬಳದಿಂದ ಕಾಯ್ದೆ ಹೆಸರಿಸಿದ ಕಡಿತಗಳನ್ನಷ್ಟೇ ಮಾಡಬಹುದು. ಎಲ್ಲ ಕಡಿತಗಳೂ ಸೇರಿ ವೇತನದ ಶೇ. 50 ಮೀರಬಾರದು. ಮಾಲೀಕರೇ ಚಾಲಕನಿಗೆ ಜುಲ್ಮಾನೆ ಹಾಕುವುದಾದರೆ ಅದು ಆ ವೇತನಾವಧಿಯ ಸಂಬಳದ ಶೇ. 3 ಮೀರಕೂಡದು, ವಿವರಣೆಗೆ ಅವಕಾಶ ಕೊಡದೆ ಹಾಕಲೂ ಕೂಡದು. ಎರಡು ವರ್ಷದ ಹಿಂದಿನ ಚಲನ್ನುಗಳನ್ನು ಹುಡುಕಿ ತೆಗೆದು ಒಂದೇ ತಿಂಗಳ ಸಂಬಳ ಹಿಡಿದಿಡುವುದು ಈ ಚೌಕಟ್ಟಿಗೆ ಹೊಂದುವುದಿಲ್ಲ. ಮೇಲಾಗಿ ಗಿರಣಿಯ ಉದಾಹರಣೆಯಂತೆ ತಡವಾದ ಲೋಡಿಂಗಿಗೆ ಚಾಲಕ ಹೊಣೆಯಲ್ಲ.

ಇದರೊಂದಿಗೆ ಇನ್ನೊಂದು ಕರ್ತವ್ಯವೂ ಇದೆ. ಆಪಾದಿತ ಉಲ್ಲಂಘನೆಯ ಸಮಯದಲ್ಲಿ ವಾಹನ ನಡೆಸುತ್ತಿದ್ದವರು ಯಾರೆಂದು ಪೊಲೀಸ್ ಅಧಿಕಾರಿ ಕೇಳಿದರೆ ಹೆಸರು, ವಿಳಾಸ, ಪರವಾನಗಿಯ ವಿವರ ಕೊಡುವುದು ಕಲಂ 133ರಂತೆ ಮಾಲೀಕರ ಹೊಣೆ. ಯಾವ ದಿನ ಯಾವ ಲಾರಿಯನ್ನು ಯಾರು ಹೊರಡಿಸಿದರೆಂಬುದನ್ನು ಗೇಟಿನ ವಹಿಯಲ್ಲಿ ಸಹಿ ಸಮೇತ ಬರೆದಿಡುವ ಪದ್ಧತಿ ಇಲ್ಲದಿದ್ದರೆ ಇದು ಸಾಧ್ಯವಾಗದು. ಪರವಾನಗಿ ಇಲ್ಲದವನ ಕೈಗೆ ವಾಹನ ಕೊಟ್ಟರೆ ಕಲಂ 180ರಂತೆ ಮಾಲೀಕರಿಗೇ 5,000 ರೂ. ದಂಡ, ಮೂರು ತಿಂಗಳವರೆಗೆ ಸಜೆಯೂ ಆಗಬಹುದು. ಗೋದಾಮಿನ ಹುಡುಗನನ್ನು ಪಿಕಪ್ ಕೊಟ್ಟು ಕಳುಹಿಸುವವರು ಇದನ್ನು ಗಮನಿಸಬೇಕು.

ರಿಯಾಯಿತಿಗೆ ಕಾಯುವುದು

2023ರ ಫೆಬ್ರವರಿ 2ರಿಂದ 11ರವರೆಗೆ ರಾಜ್ಯದಲ್ಲಿ ಬಾಕಿ ದಂಡಕ್ಕೆ ಶೇ. 50 ರಿಯಾಯಿತಿ ಘೋಷಣೆಯಾದಾಗ ಆ ಕೆಲವೇ ದಿನಗಳಲ್ಲಿ ನೂರು ಕೋಟಿ ರೂಪಾಯಿಗೂ ಮಿಕ್ಕಿ ಸಂಗ್ರಹವಾಯಿತು. ಅದೇ ವರ್ಷ ಮತ್ತೆ ಅವಕಾಶ ಬಂತು. 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಪುನಃ ಬಂತು. ಇದರಿಂದ "ಹೇಗೂ ಅರ್ಧ ಬಿಡುತ್ತಾರೆ, ಕಾಯೋಣ" ಎಂಬ ಮನೋಭಾವ ಬೆಳೆದಿದೆ. ಸಕಾಲದಲ್ಲಿ ಪೂರ್ತಿ ಕಟ್ಟಿದವರಿಗೆ ಇದು ಅನ್ಯಾಯವೆಂಬ ಮಾತಿನಲ್ಲಿ ತಥ್ಯವಿದೆ. ಅದು ಸರ್ಕಾರ ಯೋಚಿಸಬೇಕಾದ ಸಂಗತಿ. ವರ್ತಕರು ಯೋಚಿಸಬೇಕಾದ ಲೆಕ್ಕ ಬೇರೆ. ರಿಯಾಯಿತಿ ಆದೇಶದಲ್ಲಿ ಹೇಳಿದ ವರ್ಗದ ಬಾಕಿಗಳಿಗೆ ಮಾತ್ರ ಅನ್ವಯಿಸುತ್ತದೆ, ಯಾವಾಗ ಬರುತ್ತದೆಂಬುದಕ್ಕೆ ಖಾತರಿಯಿಲ್ಲ. ಅಷ್ಟರಲ್ಲಿ ಅರ್ಹತಾ ಪತ್ರದ ಅವಧಿ ಮುಗಿಯಬಹುದು: ಎಂಟು ವರ್ಷದವರೆಗಿನ ಸಾರಿಗೆ ವಾಹನಕ್ಕೆ ಎರಡು ವರ್ಷಕ್ಕೊಮ್ಮೆ, ಆ ಬಳಿಕ ಪ್ರತಿ ವರ್ಷ ನವೀಕರಣ ಬೇಕು. ಬಾಕಿಯಿಂದಾಗಿ ಕಡತಕ್ಕೆ ತಡೆ ಬಿದ್ದು ಲಾರಿ ನಾಲ್ಕು ದಿನ ನಿಂತರೆ ಬಾಡಿಗೆ ಲಾರಿಗೆ ತೆರುವ ಹಣ ಉಳಿಸಿದ ರಿಯಾಯಿತಿಗಿಂತ ಹೆಚ್ಚು. ಅರ್ಹತಾ ಪತ್ರವಿಲ್ಲದೆ ಓಡಿಸಿ ಅಪಘಾತವಾದರೆ ವಿಮಾ ಕಂಪನಿ ತಕರಾರು ತೆಗೆಯುವುದಂತೂ ಇದ್ದದ್ದೇ.

ಬಾಕಿ ಇರುವಾಗ ಪೂರ್ತಿ ಮೊತ್ತವನ್ನು ಹೊಣೆಯೆಂದು ಲೆಕ್ಕಕ್ಕೆ ತಂದು, ಅನಂತರ ರಿಯಾಯಿತಿ ಸಿಕ್ಕವರು ಬಿಟ್ಟುಹೋದ ಅರ್ಧವನ್ನು ಆದಾಯವೆಂದು ತೋರಿಸಬೇಕೇ ಎಂದು ಕೇಳುವುದುಂಟು. ಮೊದಲು ಖರ್ಚೆಂದು ಕಳೆಯದ ಮೊತ್ತ ಮನ್ನಾ ಆದರೆ ಅದಕ್ಕೆ ತೆರಿಗೆ ಬೀಳುವುದಿಲ್ಲ. ಪ್ರತ್ಯೇಕ ಖಾತೆ ಇಟ್ಟವರಿಗೆ ಇದನ್ನು ತೋರಿಸುವುದು ಸುಲಭ.

ವಾಹನ ಕೊಳ್ಳುವಾಗ, ಮಾರುವಾಗ

ಹಳೆಯ ಲಾರಿ ಕೊಳ್ಳುವವರು ಮುಂಗಡ ಕೊಡುವ ಮುನ್ನವೇ ಮೇಲೆ ಹೇಳಿದ ಎಲ್ಲ ತಾಣಗಳಲ್ಲಿಯೂ ಬಾಕಿ ನೋಡಿ, ಮುದ್ರಿತ ಪ್ರತಿಯನ್ನು ಕರಾರಿಗೆ ಲಗತ್ತಿಸಿ, ಅಲ್ಲಿಯವರೆಗಿನ ದಂಡ ಮಾರುವವರದೆಂದು ಬರೆಸಿಕೊಳ್ಳಬೇಕು. ಮಾರುವವರ ಅಪಾಯ ಇದಕ್ಕಿಂತ ದೊಡ್ಡದು. ಹಣ ಪಡೆದು, ಬೀಗ ಕೊಟ್ಟು, ಖಾಲಿ ನಮೂನೆಗಳಿಗೆ ಸಹಿ ಹಾಕಿ ಕಳುಹಿಸಿದರೆ ಕಾನೂನಿನ ದೃಷ್ಟಿಯಲ್ಲಿ ವಾಹನ ಇನ್ನೂ ನಿಮ್ಮದೇ. ಕೈಬದಲಾದ ಕಾರೊಂದು ಮಾಡಿದ ಅಪಘಾತದಲ್ಲಿ, ನೋಂದಣಿಯಲ್ಲಿ ಹೆಸರಿರುವವರೇ ಮಾಲೀಕರು, ಪರಿಹಾರದ ಹೊಣೆ ಅವರದೇ ಎಂದು ಸುಪ್ರೀಂ ಕೋರ್ಟು 2018ರ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿತು. ಕಲಂ 50ರಂತೆ ರಾಜ್ಯದೊಳಗಿನ ಮಾರಾಟವಾದರೆ 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡುವುದು ಮಾರಿದವರ ಕರ್ತವ್ಯ. ನಮೂನೆ 29ರ ಸ್ವೀಕೃತಿ ಪ್ರತಿಯನ್ನು, ವಾಹನ ಹಸ್ತಾಂತರಿಸಿದ ದಿನಾಂಕ ಮತ್ತು ಗಂಟೆಯನ್ನು ಬರೆದ ರಸೀದಿಯನ್ನು ಕಡತದಲ್ಲಿಡಿ. ಹೆಸರು ಬದಲಾಗುವವರೆಗೆ ಆ ವಾಹನವನ್ನು ನಿಮ್ಮ ತಿಂಗಳ ಪರಿಶೀಲನಾ ಪಟ್ಟಿಯಿಂದ ತೆಗೆಯಬೇಡಿ. ಫಾಸ್ಟ್ಯಾಗನ್ನು ಮಾತ್ರ ಮಾರಿದ ದಿನವೇ ಬ್ಯಾಂಕಿಗೆ ತಿಳಿಸಿ ಮುಚ್ಚಿಸಿರಿ.